ಪಾತ್ರ ಪಾತ್ರೆಯಾಗುವ ಕಥೆ: ಮಿಸ್ಟ್‌ಬಾರ್ನ್ ಮೂರು ಪುಸ್ತಕಗಳ ಬಾಕ್ಸ್ ಸೆಟ್

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಮೂರೂ ಪುಸ್ತಕದ ಗುಟ್ಟು ಹೊರಗೆ ಬೀಳುತ್ತದೆ. ಇನ್ನೂ ಓದಿಲ್ಲ, ಓದಬೇಕು ಅಂತಿರುವವರು ಈ ಪ್ಯಾರಾ ಮುಗಿಸಿ ಎದ್ದು ಹೋಗಬಹುದು. ಅವರಿಗೆ ಇಷ್ಟು ಸಾಕು: ಸೆಟ್ ತಗೊಳ್ಳಿ, ಎರಡನೆಯದರ ಮಧ್ಯದಲ್ಲಿ ಬೇಜಾರಾದರೆ ಬಿಡಬೇಡಿ, ಮೂರನೆಯದನ್ನು ಎರಡು ದಿನ ರಜೆ ಇರುವಾಗ ಶುರು ಮಾಡಿ.

ಉಳಿದವರು ಬನ್ನಿ.

ಬ್ರ್ಯಾಂಡನ್ ಸ್ಯಾಂಡರ್ಸನ್ ಅಮೆರಿಕದ ಯೂಟಾದಲ್ಲಿರುವ ಲೇಖಕರು. ಬಾಕ್ಸ್‌ನಲ್ಲಿರುವುದು ಅವರ ಮೊದಲ ಮಿಸ್ಟ್‌ಬಾರ್ನ್ ಸರಣಿ: 'ದಿ ಫೈನಲ್ ಎಂಪೈರ್' (2006), 'ದಿ ವೆಲ್ ಆಫ್ ಅಸೆನ್ಷನ್' (2007), 'ದಿ ಹೀರೋ ಆಫ್ ಏಜಸ್' (2008). ಮೂರೂ ಸೇರಿದರೆ ಎರಡು ಸಾವಿರ ಪುಟದ ಆಸುಪಾಸು. ನಾನು ಇದನ್ನು ತರಿಸಿದ್ದಕ್ಕೆ ಒಂದು ಸಿಟ್ಟೇ ಕಾರಣ. ಫ್ಯಾಂಟಸಿ ಕಾದಂಬರಿಗಳಲ್ಲಿ ಯಾರಿಗೋ ದೇವರ ಶಕ್ತಿ ಬರುತ್ತದೆ, ಕಣ್ಣು ಹೊಳೆಯುತ್ತದೆ, ಕೈಯಿಂದ ಬೆಂಕಿ ಬರುತ್ತದೆ, ಆದರೆ ಆಳು ಮಾತ್ರ ನಿನ್ನೆ ಇದ್ದ ಹಾಗೇ ಇರುತ್ತಾನೆ. ಅದೇ ಜೋಕು, ಅದೇ ಪ್ರೇಮ. ಅಷ್ಟು ದೊಡ್ಡದೊಂದು ಒಳಗೆ ಬಂದು ಕೂತರೆ ಮನುಷ್ಯ ಒಂದಿಷ್ಟಾದರೂ ಅಲುಗಬೇಡ್ವಾ? ಸ್ನೇಹಿತನ ಹತ್ತಿರ ಹೀಗೇ ಗೊಣಗುತ್ತಿದ್ದೆ. ಅವನು ಇದನ್ನು ಓದು ಅಂದ.

ಕಥೆ ಶುರುವಾಗುವುದು ಬೂದಿ ಸುರಿಯುವ ಲೋಕದಲ್ಲಿ. ಸಾವಿರ ವರ್ಷದಿಂದ ಒಬ್ಬನೇ ದೊರೆ, ಹೆಸರು ಲಾರ್ಡ್ ರೂಲರ್. ಹಗಲು ಬೂದಿ, ರಾತ್ರಿ ಮಂಜು. ಕೆಲವರು ಲೋಹದ ಪುಡಿ ನುಂಗಿ ಅದನ್ನು ಹೊಟ್ಟೆಯಲ್ಲೇ ಉರಿಸಿ ಶಕ್ತಿ ಪಡೆಯುತ್ತಾರೆ. ತವರ ಉರಿಸಿದರೆ ಕಣ್ಣು ಕಿವಿ ಚುರುಕಾಗುತ್ತವೆ, ಉಕ್ಕು ಉರಿಸಿದರೆ ಲೋಹವನ್ನು ದೂರ ತಳ್ಳಬಹುದು, ಕಬ್ಬಿಣ ಉರಿಸಿದರೆ ಎಳೆಯಬಹುದು. ಬೀದಿಯಲ್ಲಿ ಕಳ್ಳರ ಗುಂಪಿನೊಳಗೆ ಬೆಳೆದ ವಿನ್ ಎಂಬ ಹುಡುಗಿಗೆ ಈ ಎಲ್ಲಾ ಲೋಹಗಳೂ ಒಲಿಯುತ್ತವೆ. ಮೊದಲ ಪುಸ್ತಕ ಇದರಲ್ಲೇ ಓಡುತ್ತದೆ, ಮಜವಾಗಿದೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಯಾಕೆಂದರೆ ನನಗೆ ಬೇಕಾದದ್ದು ಸಿಗುವುದು ಆಮೇಲೆ.

ಈ ಲೋಕವನ್ನು ಮಾಡಿದ್ದು ಎರಡು ಶಕ್ತಿಗಳು. ಒಂದರ ಹೆಸರು ಪ್ರಿಸರ್ವೇಶನ್, ಇದ್ದದ್ದನ್ನು ಇದ್ದ ಹಾಗೇ ಕಾಪಾಡುವುದು. ಇನ್ನೊಂದು ರೂಯಿನ್, ಎಲ್ಲವನ್ನೂ ಹಾಳು ಮಾಡುವುದು. ಪ್ರತಿ ಶಕ್ತಿಯನ್ನೂ ಒಬ್ಬ ಮನುಷ್ಯ ಹೊತ್ತಿದ್ದಾನೆ. ಸ್ಯಾಂಡರ್ಸನ್ ಓದುಗರು ಆ ಹೊತ್ತವನನ್ನು ವೆಸೆಲ್ ಅಂತಾರೆ, ಅಂದರೆ ಪಾತ್ರೆ. ಈ ವಿಷಯದಲ್ಲಿ ನಮ್ಮ ಭಾಷೆಗೆ ಒಂದು ಲಾಭ ಇದೆ. ಕಥೆಯಲ್ಲಿ ಬರುವವನು ಪಾತ್ರ, ನೀರು ತುಂಬುವುದು ಪಾತ್ರೆ. ಮೂರೂ ಪುಸ್ತಕ ಇರುವುದು ಈ ಎರಡು ಪದಗಳ ನಡುವೆಯೇ. ಶಕ್ತಿಗೆ ಒಂದೇ ಒಂದು ಹಟ ಇರುತ್ತದೆ. ಹೊತ್ತವನಿಗೆ ನೂರು ಆಸೆ, ನೂರು ನೆನಪು. ಕಾಲ ಕಳೆದ ಹಾಗೆ ನೂರು ಕರಗಿ ಆ ಒಂದೇ ಉಳಿಯುತ್ತದೆ. ನಮ್ಮ ತುಳುನಾಡಿನ ಕೋಲದಲ್ಲಿ ದೈವ ಮೈಮೇಲೆ ಬಂದವನು ಬೆಳಗಾದ ಮೇಲೆ ಬಣ್ಣ ತೊಳೆದು ಮತ್ತೆ ತನ್ನ ಹೆಸರಿಗೆ ವಾಪಸ್ ಬರುತ್ತಾನೆ. ಇಲ್ಲಿ ಆ ಬೆಳಗು ಆಗುವುದೇ ಇಲ್ಲ.

ಲಾರ್ಡ್ ರೂಲರ್‌ನನ್ನೇ ನೋಡಿ. ಮೊದಲ ಪುಸ್ತಕದಲ್ಲಿ ಅವನು ಬರೀ ರಾಕ್ಷಸ. ಕೊನೆಯಲ್ಲಿ ಗೊತ್ತಾಗುತ್ತದೆ, ಅವನು ರಾಶೆಕ್, ಟೆರಿಸ್ ಎಂಬ ಬೆಟ್ಟದ ನಾಡಿನ ಹಮಾಲಿ. ಬೇರೆ ನಾಡಿನ ಅಲೆಂಡಿ ಎಂಬ ನಾಯಕನ ಸಾಮಾನು ಹೊರಲು ಹೋದವನು, ಅವನ ಮೇಲೆ ಹೊಟ್ಟೆಯೊಳಗೆ ದ್ವೇಷ ಇಟ್ಟುಕೊಂಡವನು. ಅಲೆಂಡಿಯನ್ನು ಕೊಂದು ತಾನೇ ಆ ಶಕ್ತಿಯನ್ನು ಹಿಡಿಯುತ್ತಾನೆ, ಅದೂ ಸ್ವಲ್ಪವೇ ಹೊತ್ತು. ಲೋಕಕ್ಕೆ ಕವಿದ ಮಂಜನ್ನು ಸುಟ್ಟು ಓಡಿಸೋಣ ಅಂತ ಭೂಮಿಯನ್ನು ಸೂರ್ಯನ ಹತ್ತಿರ ಸರಿಸುತ್ತಾನೆ. ಅಯ್ಯೋ, ಸೆಕೆ ಜಾಸ್ತಿ ಆಯ್ತು! ಸರಿ, ಬೂದಿ ಉಗುಳುವ ಬೆಟ್ಟಗಳನ್ನು ಎಬ್ಬಿಸಿ ಆಕಾಶ ಮುಚ್ಚುತ್ತಾನೆ. ಈಗ ಬೂದಿಯಲ್ಲಿ ಯಾರೂ ಬದುಕೋಕೆ ಆಗಲ್ಲ, ಅದಕ್ಕೆ ಗಿಡ ಮರ ಮನುಷ್ಯರನ್ನೇ ತಿದ್ದುತ್ತಾನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತಾರಲ್ಲ, ಈ ಪುಣ್ಯಾತ್ಮ ಇಡೀ ಲೋಕಕ್ಕೇ ಬೂದಿಯ ಕೊಡೆ ಹಿಡಿದುಬಿಟ್ಟ.

ಆದರೆ ಅವನನ್ನು ನೋಡಿ ನಗುತ್ತಾ ಕೂರಲು ಪುಸ್ತಕ ಬಿಡುವುದಿಲ್ಲ. ಅವನಿಗೆ ಶಕ್ತಿ ಇತ್ತು, ತಿಳಿವಳಿಕೆ ಇರಲಿಲ್ಲ, ಸಮಯವೂ ಇರಲಿಲ್ಲ. ಸ್ವಲ್ಪ ಹೊತ್ತಿನ ತಪ್ಪನ್ನು ಸಾವಿರ ವರ್ಷ ಕಾಯ್ದುಕೊಂಡು ಕೂತ. ಅವನು ಮುಟ್ಟಿದ್ದು ಪ್ರಿಸರ್ವೇಶನ್ ಶಕ್ತಿಯನ್ನು ಅನ್ನುವುದನ್ನು ನೆನಪಿಡಿ. ನನಗನಿಸುವುದು, ಏನೂ ಬದಲಾಗಬಾರದು ಅನ್ನುವ ಆ ಹಟ ಆವತ್ತೇ ಅವನಿಗೆ ಅಂಟಿಕೊಂಡಿತ್ತು. ತನ್ನ ಟೆರಿಸ್ ಜನವನ್ನೇ ಅವನು ತುಳಿದ ರೀತಿ ನೋಡಿದರೆ ಹಳೆಯ ಹಮಾಲಿಯ ಭಯವೂ ಹೋಗಿರಲಿಲ್ಲ. ದೇವರಾದ ಮೇಲೂ ಹೊಟ್ಟೆಕಿಚ್ಚು ಹಾಗೇ ಉಳಿದಿತ್ತು, ಒಳ್ಳೆಯ ಗುಣ ಯಾವುದಾದರೂ ಇದ್ದರೆ ಅದು ಮಾತ್ರ ಕರಗಿತ್ತು.

ವಿನ್ ಕಥೆ ಇನ್ನೂ ಸೂಕ್ಷ್ಮ. ಅವಳ ತಲೆಯೊಳಗೆ ಅಣ್ಣ ರೀನ್‌ನ ದನಿ ಯಾವಾಗಲೂ ಮಾತಾಡುತ್ತಿರುತ್ತದೆ. ಯಾರನ್ನೂ ನಂಬಬೇಡ, ಎಲ್ಲರೂ ಕೈಕೊಡುತ್ತಾರೆ ಅಂತ. ನಾವು ಅದನ್ನು ಬೀದಿಯಲ್ಲಿ ಬೆಳೆದ ಹುಡುಗಿಯ ಗಾಯ ಅಂದುಕೊಂಡು ಓದುತ್ತೇವೆ. ಗಾಯ ನಿಜವೇ. ಆದರೆ ಅವಳ ಕಿವಿಯಲ್ಲಿ ತಾಯಿ ಚುಚ್ಚಿದ ಒಂದು ಸಣ್ಣ ಓಲೆ ಇದೆ, ಆ ಲೋಹದ ತುಂಡಿನ ಮೂಲಕ ರೂಯಿನ್ ಅವಳೊಳಗೆ ಮಾತಾಡುತ್ತಿತ್ತು ಅಂತ ಮೂರನೇ ಪುಸ್ತಕದಲ್ಲಿ ಬಯಲಾಗುತ್ತದೆ. ನಾನು ಅಲ್ಲಿಗೆ ಪುಸ್ತಕ ಮಡಚಿಟ್ಟು ಎದ್ದುಹೋಗಿ ಕಾಫಿ ಮಾಡಿಕೊಂಡೆ. ನಂಬಬೇಡ ಅಂದದ್ದರಲ್ಲಿ ಅಣ್ಣನ ಪಾಠ ಎಷ್ಟು, ದೇವರ ಕುತಂತ್ರ ಎಷ್ಟು? ಅವಳ ಸ್ವಭಾವ ಅಂತ ನಾವು ಸಾವಿರಕ್ಕೂ ಹೆಚ್ಚು ಪುಟ ಪ್ರೀತಿಸಿದ್ದರಲ್ಲಿ ಅವಳದ್ದೇ ಎಷ್ಟು? ಮತ್ತೆ ಮೊದಲಿನಿಂದ ಓದಿದರೆ ಆ ಓಲೆ ಪದೇ ಪದೇ ಕಣ್ಣಿಗೆ ಬೀಳುತ್ತದೆ, ಲೇಖಕರು ಏನೂ ಮುಚ್ಚಿಟ್ಟಿರಲಿಲ್ಲ. ಇದೇ ಆಟ ಸ್ಪೂಕ್ ಎಂಬ ಹುಡುಗನ ಮೇಲೂ ನಡೆಯುತ್ತದೆ, ಅಲ್ಲಿ ರೂಯಿನ್ ಸತ್ತ ಗುರು ಕೆಲ್ಸಿಯರ್‌ನ ರೂಪದಲ್ಲೇ ಬಂದು ನಿಲ್ಲುತ್ತಾನೆ. ದೇವರ ಶಕ್ತಿ ಸಿಗುವುದಕ್ಕೂ ಮುಂಚೆಯೇ ಅದು ಆಳನ್ನು ತಿದ್ದಲು ಶುರು ಮಾಡಿರುತ್ತದೆ. ಇಷ್ಟು ತಣ್ಣಗೆ ಹೆದರಿಸಿದ ಫ್ಯಾಂಟಸಿ ಪುಸ್ತಕ ನಾನು ಇನ್ನೊಂದು ಓದಿಲ್ಲ.

ಓಲೆ ಕಿತ್ತುಬಂದ ಮೇಲೆ ವಿನ್ ಮಂಜನ್ನು ಒಳಗೆಳೆದುಕೊಂಡು ಪ್ರಿಸರ್ವೇಶನ್ ಶಕ್ತಿಯನ್ನು ಹೊರುತ್ತಾಳೆ. ಆಗ ಏನಾಗುತ್ತೆ ಅಂದ್ರೆ, ಇಡೀ ಲೋಕ ಅಲುಗಾಡಿಸುವ ಬಲ ಇದೆ, ಶತ್ರು ಎದುರಿಗೇ ಇದ್ದಾನೆ, ಆದರೆ ಹೊಡೆಯಲು ಆಗುವುದಿಲ್ಲ. ಕಾಪಾಡುವ ಶಕ್ತಿಗೆ ಕೊಲ್ಲುವುದು ಗೊತ್ತೇ ಇಲ್ಲ. ಹುಡುಗಿಗೆ ಹೊಡೆದಾಟ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಈಗ ದೇವರಾದ ಮೇಲೆ ಅದೊಂದನ್ನೇ ಮಾಡಲಾರಳು. ಕೊನೆಗೆ ಅವಳು ಹೊಡೆಯುತ್ತಾಳೆ, ಗಂಡ ಎಲೆಂಡ್ ಸತ್ತ ಮೇಲೆ, ತಾನೂ ಸಾಯುತ್ತೇನೆ ಅಂತ ಗೊತ್ತಿದ್ದೇ. ಅವಳಿಗಿಂತ ಮುಂಚೆ ಆ ಶಕ್ತಿ ಹೊತ್ತಿದ್ದವನಿಂದ ಇದು ಸಾಧ್ಯವಾಗಲಿಲ್ಲ, ಯುಗಗಟ್ಟಲೆ ಹೊತ್ತು ಹೊತ್ತು ಅವನು ಆ ಶಕ್ತಿಯೇ ಆಗಿಹೋಗಿದ್ದ. ವಿನ್ ಇನ್ನೂ ಹೊಸಬಳು. ಒಳಗೆ ವಿನ್ ಉಳಿದಿದ್ದಳು, ಅದಕ್ಕೇ ಸಾಧ್ಯವಾಯಿತು.

ಆದರೂ ನನ್ನ ಆಳು ಸೇಜ್ಡ್. ಅವನೂ ಟೆರಿಸ್ ನಾಡಿನವನೇ, ರಾಶೆಕ್ ತುಳಿದ ಜನರಲ್ಲೇ ಒಬ್ಬ, ಅದೇ ವ್ಯವಸ್ಥೆ ಬೀಜ ಒಡೆದು ಬಟ್ಲರ್ ಕೆಲಸಕ್ಕೆ ಹಚ್ಚಿದವನು. ಅವನ ಗುಟ್ಟಿನ ಕೆಲಸ, ಅಳಿದುಹೋದ ಧರ್ಮಗಳನ್ನೆಲ್ಲ ತಾಮ್ರದ ಪಟ್ಟಿಗಳಲ್ಲಿ ನೆನಪಾಗಿ ತುಂಬಿಟ್ಟುಕೊಳ್ಳುವುದು. ಸುಮಾರು ಮುನ್ನೂರು ಧರ್ಮ. ಮೂರನೇ ಪುಸ್ತಕದಲ್ಲಿ, ಪ್ರೀತಿಸಿದ ಹೆಂಗಸು ಸತ್ತ ದುಃಖದಲ್ಲಿ, ಅವನು ಆ ಧರ್ಮಗಳನ್ನು ಒಂದೊಂದಾಗಿ ತೆಗೆದು, ಇದರಲ್ಲಿ ವಿರೋಧಾಭಾಸ ಇದೆ, ಇದು ಸುಳ್ಳು, ಅಂತ ಪಕ್ಕಕ್ಕೆ ಇಡುತ್ತಾ ಹೋಗುತ್ತಾನೆ. ತುಂಬಾ ಜನ ಈ ಭಾಗ ಬೋರು ಅಂತಾರೆ. ನನಗೂ ಮೊದಲ ಸಲ ಹಾಗೇ ಅನಿಸಿತ್ತು, ಒಂದೆರಡು ಅಧ್ಯಾಯ ಹಾರಿಸಿಯೂ ಬಿಟ್ಟಿದ್ದೆ. ತಪ್ಪು ಮಾಡಿದ್ದೆ. ಯಾಕೆಂದರೆ ಕೊನೆಗೆ ಎರಡೂ ಶಕ್ತಿ ಬಂದು ಬೀಳುವುದು ಅವನ ಕೈಗೆ, ಮತ್ತು ಆಗ ಆ ಮುನ್ನೂರು ಧರ್ಮಗಳೇ ಕೆಲಸಕ್ಕೆ ಬರುತ್ತವೆ. ಒಂದರಲ್ಲಿ ನಕ್ಷತ್ರಗಳ ಲೆಕ್ಕ ಇತ್ತು, ಅದರಿಂದ ಭೂಮಿ ಎಲ್ಲಿರಬೇಕು ಅಂತ ಗೊತ್ತಾಯಿತು. ಒಂದರಲ್ಲಿ ನಕ್ಷೆಗಳಿದ್ದವು, ಒಂದರಲ್ಲಿ ಮನುಷ್ಯನ ಮೈ ಹೇಗಿತ್ತು ಅನ್ನುವುದಿತ್ತು. ರಾಶೆಕ್ ಊಹೆಯ ಮೇಲೆ ಕೈಹಾಕಿ ಕೆಡಿಸಿದ್ದನ್ನು ಸೇಜ್ಡ್ ನೋಡಿಕೊಂಡು ಸರಿ ಮಾಡುತ್ತಾನೆ. ಇಬ್ಬರೂ ಒಂದೇ ನಾಡಿನವರು, ಕೈಗೆ ಬಂದದ್ದೂ ಅದೇ ಶಕ್ತಿಯೇ, ಸೇಜ್ಡ್‌ಗೆ ಇನ್ನೊಂದು ಜಾಸ್ತಿ. ಒಬ್ಬ ಅದರೊಳಗೆ ತಂದಿದ್ದು ಸಿಟ್ಟು, ಇನ್ನೊಬ್ಬ ತಂದಿದ್ದು ಲೈಬ್ರರಿ.

ಹಾಗಂತ ಅವನ ಕಥೆ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. 2011ರಲ್ಲಿ ಬಂದ 'ದಿ ಅಲಾಯ್ ಆಫ್ ಲಾ'ದಿಂದ ಶುರುವಾಗುವ ಮುಂದಿನ ಸರಣಿಯಲ್ಲಿ ಸೇಜ್ಡ್‌ಗೆ ಹಾರ್ಮನಿ ಅಂತ ಹೆಸರು. ಒಂದು ಕೈ ಕಾಪಾಡು ಅನ್ನುತ್ತದೆ, ಇನ್ನೊಂದು ಕೈ ಕೆಡವು ಅನ್ನುತ್ತದೆ, ನಡುವೆ ಆ ಒಳ್ಳೆಯ ಮನುಷ್ಯ ಏನು ಮಾಡಲೂ ಒದ್ದಾಡುತ್ತಾನೆ. ಅವನ ಭಕ್ತರಿಗೇ ಅವನ ಮೇಲೆ ಕೋಪ ಬರುವ ಹಾಗಾಗುತ್ತದೆ. ಆದರೆ ಅದು ಈ ಬಾಕ್ಸ್‌ನಲ್ಲಿಲ್ಲ.

ನನ್ನ ದೊಡ್ಡ ತಕರಾರು ಇದೇ. ಈ ಬಾಕ್ಸ್‌ನ ಖಳನ ಬಗ್ಗೆ ಹೇಳಬೇಕಾದ ಎಲ್ಲಕ್ಕಿಂತ ಮುಖ್ಯವಾದ ಮಾತೂ ಇದರಲ್ಲಿಲ್ಲ. ರೂಯಿನ್ ಶಕ್ತಿ ಹೊತ್ತಿದ್ದವನ ಹೆಸರು ಆಟಿ. ಅವನು ಒಂದು ಕಾಲದಲ್ಲಿ ದಯೆ ಇದ್ದ, ಉದಾರಿ ಮನುಷ್ಯನಾಗಿದ್ದ ಅನ್ನುವ ವಿಷಯ ಬರುವುದು 2010ರ 'ದಿ ವೇ ಆಫ್ ಕಿಂಗ್ಸ್'ನಲ್ಲಿ, ಅದೂ ಬೇರೆಯೇ ಲೋಕದ ಕಥೆ, ಅಲ್ಲಿಯೂ ಅಧ್ಯಾಯಗಳ ತಲೆಯ ಮೇಲೆ ಚೂರುಚೂರಾಗಿ ಅಚ್ಚಾದ ಒಂದು ಪತ್ರದಲ್ಲಿ! ಅದೇ ಪತ್ರದಲ್ಲಿ ರೇಸ್ ಎಂಬ ಇನ್ನೊಬ್ಬನ ಮಾತೂ ಬರುತ್ತದೆ, ಅವನು ಮೊದಲಿಂದಲೂ ಕೆಟ್ಟವನು, ಅವನಿಗೆ ಸಿಕ್ಕಿದ್ದು ದ್ವೇಷದ ಶಕ್ತಿ. ಒಳ್ಳೆಯವನೇ ಆ ಗತಿಗೆ ಬಂದ ಮೇಲೆ ಇವನ ಕಥೆ ಏನು ಅಂತ ಪತ್ರ ಬರೆದವನ ಭಯ. ಈ ಒಂದು ಸಾಲು ಗೊತ್ತಾದ ಮೇಲೆ ಮಿಸ್ಟ್‌ಬಾರ್ನ್ ಪೂರ್ತಿ ಬೇರೆ ಬಣ್ಣ ಪಡೆಯುತ್ತದೆ. ರೂಯಿನ್ ನಗುತ್ತಾ ಊರು ಸುಡುವಾಗ, ಒಳಗೆ ಎಲ್ಲೋ ಒಬ್ಬ ಸಂಭಾವಿತ ಮನುಷ್ಯ ಮುಳುಗಿಹೋಗಿದ್ದಾನೆ ಅಂತ ಗೊತ್ತಿದ್ದು ಓದಿ ನೋಡಿ, ಹೊಟ್ಟೆ ತೊಳಸುತ್ತದೆ. ಇಷ್ಟು ಬೆಲೆಬಾಳುವ ಮಾತನ್ನು ಈ ಮೂರು ಪುಸ್ತಕಕ್ಕಷ್ಟೇ ದುಡ್ಡು ಕೊಟ್ಟವರಿಗೆ ಯಾಕೆ ಕೊಡಲಿಲ್ಲ? ಸ್ಯಾಂಡರ್ಸನ್ ಅವರ ಅನೇಕ ಸರಣಿಗಳು ನಡೆಯುವುದು ಕಾಸ್ಮಿಯರ್ ಎಂಬ ಒಂದೇ ವಿಶ್ವದಲ್ಲಿ, ಹದಿನಾರು ಜನ ಸೇರಿ ಒಂದು ಮಹಾಶಕ್ತಿಯನ್ನು ಒಡೆದು ಹದಿನಾರು ಚೂರು ಹಂಚಿಕೊಂಡರು, ಇದೆಲ್ಲ ಸರಿ. ಅಭಿಮಾನಿಗಳಿಗೆ ಚೂರು ಹೆಕ್ಕುವುದೇ ಖುಷಿ. ನನಗೆ ಅದು ಊಟಕ್ಕೆ ಕರೆದು ಉಪ್ಪಿನಕಾಯಿಗೆ ಪಕ್ಕದ ಮನೆಗೆ ಕಳಿಸಿದ ಹಾಗಾಯಿತು.

ಎರಡನೇ ಪುಸ್ತಕ ಎಳೆಯುತ್ತದೆ. ಊರಿಗೆ ಮುತ್ತಿಗೆ, ಸಭೆ, ಮತ್ತೆ ಸಭೆ. ಪ್ರೇಮದ ಮಾತುಗಳು ಸಪ್ಪೆ. ಭಾಷೆಯೂ ಅಷ್ಟೇ, ಕೆಲಸ ನಡೆಸುವ ಭಾಷೆ, ನಿಂತು ಇನ್ನೊಮ್ಮೆ ಓದಬೇಕು ಅನಿಸುವ ವಾಕ್ಯ ಕಡಿಮೆ. ಇಂಗ್ಲಿಷ್ ಕಷ್ಟವಿಲ್ಲ, ಫ್ಯಾಂಟಸಿ ಹೊಸದಾಗಿ ಶುರು ಮಾಡುವವರಿಗೆ ಅದು ಅನುಕೂಲವೇ.

ಇನ್ನು ವಸ್ತುವಿನ ಬಗ್ಗೆ. ನನಗೆ ಬಂದ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು, ಒಳಗಿನ ಪುಸ್ತಕಗಳು ಬಚಾವು. ಅಕ್ಷರ ಸಣ್ಣದು, ನಲವತ್ತು ದಾಟಿದವರು ಕನ್ನಡಕ ಹತ್ತಿರ ಇಟ್ಟುಕೊಳ್ಳಿ. ಇಷ್ಟು ದಪ್ಪದ ಪೇಪರ್‌ಬ್ಯಾಕನ್ನು ಮಲಗಿಕೊಂಡು ಓದಿದರೆ ಮೊದಲು ಕೈ ಸೋಲುತ್ತದೆ, ಆಮೇಲೆ ಪುಸ್ತಕದ ಬೆನ್ನಿಗೆ ಗೆರೆ ಬೀಳುತ್ತದೆ. ಕೊನೆಯಲ್ಲಿ ಯಾವ ಲೋಹಕ್ಕೆ ಯಾವ ಶಕ್ತಿ ಅಂತ ಪಟ್ಟಿ ಇದೆ, ಅಲ್ಲಿಗೊಂದು ಬುಕ್‌ಮಾರ್ಕ್ ಇಟ್ಟುಕೊಂಡರೆ ಒಳ್ಳೆಯದು. ಬಸ್ಸಿನಲ್ಲಿ ಹೋಗಿಬರುವಾಗ ನಾನು ಮೈಕಲ್ ಕ್ರೇಮರ್ ಓದಿದ ಆಡಿಯೋಬುಕ್ ಕೇಳಿದೆ. ಸೇಜ್ಡ್‌ನ ಮೆದು ದನಿ ಅದರಲ್ಲಿ ಚೆನ್ನಾಗಿ ಬಂದಿದೆ, ಹಾರಿಸಿದ್ದ ಅಧ್ಯಾಯಗಳನ್ನು ನಾನು ಕೇಳಿ ಮುಗಿಸಿದ್ದು ಹಾಗೆಯೇ.

ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ಪತ್ರಕ್ಕೆ.

ಸೆಟ್ ಈಗ ಅಕ್ಕನ ಮಗನ ಹತ್ತಿರ ಇದೆ. ಮೊದಲ ಪುಸ್ತಕದ ಅರ್ಧಕ್ಕೆ ಬಂದಿದ್ದಾನಂತೆ. ಮೊನ್ನೆ ಫೋನ್ ಮಾಡಿ, ಮಾಮಾ, ಈ ಹುಡುಗಿ ಅಣ್ಣನ ಮಾತು ಯಾಕಿಷ್ಟು ನೆನೆಸ್ಕೊತಾಳೆ, ಬೋರಾಗುತ್ತೆ ಅಂದ. ನಾನು ಓಲೆಯ ಸುದ್ದಿ ಎತ್ತಲಿಲ್ಲ. ಓದು ಓದು ಅಂದೆ.