ಟ್ರಯಲ್ ಮೌಂಟನ್ನೋ, ಡ್ರ್ಯಾಗನ್ ಟ್ರೇಲೋ? ಇಲ್ಲದ ಊರಿನ ಟ್ರ್ಯಾಕುಗಳ ಜಗಳ

ರೇಸಿಂಗ್ ವಿಡಿಯೋ ಗೇಮಿನಲ್ಲಿ ಕಷ್ಟದ ಟ್ರ್ಯಾಕ್ ಬೇರೆ, ಕಾಟ ಕೊಡುವ ಟ್ರ್ಯಾಕ್ ಬೇರೆ. ಬೈಗುಳ ಮಾತ್ರ ಎರಡಕ್ಕೂ ಒಂದೇ ಬೀಳುತ್ತೆ. ಶನಿವಾರ ಸಂಜೆ ಪುಣೆಯ ವಾಕಡ್‌ನ ನಮ್ಮ ಮನೆಯಲ್ಲಿ ಅದು ಸ್ವಲ್ಪ ಜೋರಾಗಿಯೇ ಕೇಳಿಸುತ್ತೆ.

ನಮ್ಮದು ಹಿಂಜವಡಿಯಲ್ಲಿ ಕೆಲಸ ಮಾಡುವ ಕನ್ನಡದವರ ಗುಂಪು. ಒಬ್ಬ ಉಡುಪಿ, ಒಬ್ಬ ಶಿವಮೊಗ್ಗ, ನಾನು ಧಾರವಾಡ. ಮಳೆಗಾಲದ ವೀಕೆಂಡಿನಲ್ಲಿ ಲೋಣಾವಳಾ ಕಡೆ ಹೊರಟರೆ ಎಕ್ಸ್‌ಪ್ರೆಸ್‌ವೇ ಮೇಲೆ ಬ್ರೇಕ್ ಲೈಟು ನೋಡಿಕೊಂಡು ಕೂರಬೇಕು. ಅದಕ್ಕಿಂತ ಮನೆಯಲ್ಲೇ ರೇಸ್ ಓಡಿಸೋದು ವಾಸಿ. ಪ್ಲೇಸ್ಟೇಷನ್‌ನಲ್ಲಿ ಗ್ರ್ಯಾನ್ ಟುರಿಸ್ಮೋ 7, ಅವರವರ ಮನೆಯಿಂದ ಲಾಬಿ, ಅಂದರೆ ಆನ್‌ಲೈನ್ ಕೋಣೆ, ಹಾಕಿಕೊಂಡು. ಎಲ್ಲರೂ ಒಂದೇ ಕಡೆ ಸೇರಿದರೆ ಅಕ್ಕನ ಮಗನ ನಿಂಟೆಂಡೊ ಸ್ವಿಚ್, ಅದರಲ್ಲಿ ಮಾರಿಯೋ ಕಾರ್ಟ್ 8 ಡೀಲಕ್ಸ್. ನಿಜವಾದ ಸರ್ಕ್ಯೂಟುಗಳ ಮಾತು ಇಲ್ಲಿ ಬೇಡ. ನಕ್ಷೆಯಲ್ಲಿ ಹುಡುಕಿದರೂ ಸಿಗದ, ಯಾರೋ ಕೂತು ಕಲ್ಪಿಸಿ ಕಟ್ಟಿದ ಟ್ರ್ಯಾಕುಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲ ಜೋಡಿ ಗ್ರ್ಯಾನ್ ಟುರಿಸ್ಮೋದ ಟ್ರಯಲ್ ಮೌಂಟನ್ ಮತ್ತು ಡ್ರ್ಯಾಗನ್ ಟ್ರೇಲ್ ಸೀಸೈಡ್. ನಮ್ಮಲ್ಲಿ ಜಾಸ್ತಿ ಜಗಳ ಆಗೋದು ಇವೆರಡರ ಮೇಲೆಯೇ.

ಟ್ರಯಲ್ ಮೌಂಟನ್ 1997ರ ಮೊದಲ ಗ್ರ್ಯಾನ್ ಟುರಿಸ್ಮೋದಲ್ಲೇ ಇತ್ತು. ನಡುವೆ ಗ್ರ್ಯಾನ್ ಟುರಿಸ್ಮೋ ಸ್ಪೋರ್ಟ್‌ನಲ್ಲಿ ಕಾಣೆಯಾಗಿ, 2022ರಲ್ಲಿ ಏಳನೆಯದರಲ್ಲಿ ವಾಪಸ್ ಬಂತು. ಹಳೆಯದು ಸುಮಾರು 4 ಕಿಲೋಮೀಟರ್ ಇತ್ತು, ಈಗ 5 ದಾಟಿದೆ. ಹಿಂಭಾಗದ ಉದ್ದನೆಯ ನೇರ ರಸ್ತೆಯನ್ನು ಇನ್ನಷ್ಟು ಎಳೆದಿದ್ದಾರೆ. ಕೊನೆಯ ಚಿಕೇನ್, ಅಂದರೆ ಎಡಕ್ಕೂ ಬಲಕ್ಕೂ ಬೆನ್ನುಬೆನ್ನಿಗೆ ಬರುವ ತಿರುವಿನ ಜೋಡಿ, ಅದರ ಆಕಾರವೂ ಬದಲಾಗಿದೆ. ಹಳೆಯದರಲ್ಲಿ ಆ ಚಿಕೇನನ್ನು ಕರ್ಬ್ (ರಸ್ತೆಯಂಚಿನ ಕಟ್ಟೆ) ಮೇಲೆ ಹಾರಿಸಿ ನೆಟ್ಟಗೆ ದಾಟಿಬಿಡುವವರೇ ಜಾಸ್ತಿ. ಹಾಗೆ ಕಳ್ಳದಾರಿ ಹಿಡಿದರೆ ಈಗ ಪೆನಾಲ್ಟಿ ಬೀಳುತ್ತೆ.

ಈ ಟ್ರ್ಯಾಕಿನಲ್ಲಿ ಅರ್ಧಕ್ಕರ್ಧ ತಿರುವು ಮುಂಚೆ ಕಾಣೋದೇ ಇಲ್ಲ. ಬಂಡೆ ಅಡ್ಡ, ಏರು ಅಡ್ಡ, ಸುರಂಗದ ಕತ್ತಲು ಅಡ್ಡ. ಲೆಕ್ಕದ ಪ್ರಕಾರ ಇದು ತಲೆ ಕೆಡಿಸಬೇಕು, ಅಲ್ವಾ? ಕೆಡಿಸಲ್ಲ. ಯಾಕೆಂದರೆ ರಸ್ತೆ ಮೊದಲೇ ಸುಳಿವು ಕೊಡುತ್ತೆ. ತಾಮ್ಹಿಣಿ ಘಾಟಿನಲ್ಲಿ ಗಾಡಿ ಓಡಿಸಿದವರಿಗೆ ಇದು ಅಭ್ಯಾಸ. ತಿರುವು ಕಾಣದಿದ್ದರೂ ಮರಗಳ ಸಾಲು ಎತ್ತ ಬಾಗಿದೆ ಅನ್ನೋದು ಕಾಣುತ್ತೆ, ಕೈ ತಾನಾಗಿ ಆ ಕಡೆ ತಿರುಗುತ್ತೆ. ಇಲ್ಲಿಯೂ ಬಂಡೆಯ ಅಂಚು, ಕರ್ಬ್ ಶುರುವಾಗುವ ಜಾಗ, ಸುರಂಗದ ಕೊನೆಯ ಬೆಳಕು, ಎಲ್ಲ ಸೇರಿ ದಾರಿ ಹೇಳುತ್ತವೆ. ಸ್ವಲ್ಪ ಎಡವಟ್ಟಾದರೆ ಕಾರು ಬಂಡೆಗೆ ಓರೆಯಾಗಿ ಉಜ್ಜಿಕೊಂಡು ಹೋಗುತ್ತೆ. ವೇಗ ಇಳಿಯುತ್ತೆ, ಹಿಂದಿದ್ದವನು ದಾಟುತ್ತಾನೆ. ಅಷ್ಟೇ. ಮುಂದಿನ ಸುತ್ತಿನಲ್ಲಿ ಅದೇ ಜಾಗಕ್ಕೆ ಬಂದಾಗ ಒಂದು ಗೇರು ಕಡಿಮೆ ಇಟ್ಟುಕೊಂಡಿರುತ್ತೀರಿ.

ಈಗ ಡ್ರ್ಯಾಗನ್ ಟ್ರೇಲ್. 2017ರ ಸ್ಪೋರ್ಟ್‌ನಲ್ಲಿ ಬಂದದ್ದು, ಕ್ರೊಯೇಷಿಯಾದ ಕಡಲತೀರ ಅಂತ ಕಲ್ಪನೆ, ಉದ್ದ 5.2 ಕಿಲೋಮೀಟರ್. ನೋಡಲು ಟ್ರಯಲ್ ಮೌಂಟನ್‌ಗಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ರಸ್ತೆ ಅಗಲ, ಹಿಂದಿಕ್ಕಲು ಜಾಗ ಇದೆ, ಮೊದಲ ಮುಕ್ಕಾಲು ಭಾಗ ಸೊಗಸಾಗಿ ಹರಿಯುತ್ತೆ. ಆಮೇಲೆ ಬರುತ್ತೆ ಆಟಗಾರರೆಲ್ಲ ‘ಸಾವಿನ ಚಿಕೇನ್’ ಅಂತ ಕರೆಯುವ ಜಾಗ. ವೇಗವಾಗಿ ಬರುತ್ತಿರುತ್ತೀರಿ, ಎದುರಿಗೆ ಗೋಡೆ ಮೂತಿ ಚಾಚಿಕೊಂಡಿರುತ್ತೆ. ಮೊದಲ ಗೋಡೆಯನ್ನು ಬಾಗಿಲ ಪಕ್ಕದಲ್ಲೇ ಸವರಿಕೊಂಡು ಹೋಗಬೇಕು, ತಕ್ಷಣ ಸ್ಟಿಯರಿಂಗ್ ಆಚೆಗೆ ತಿರುಗಿಸಿ ಎರಡನೆಯದನ್ನು ತಪ್ಪಿಸಬೇಕು. ಮೊದಲನೆಯದಕ್ಕೆ ಹಿಂಚಕ್ರ ತಾಗಿತೋ, ಕಾರು ಅಡ್ಡ ತಿರುಗಿ ಎರಡನೆಯದಕ್ಕೆ ಹೋಗಿ ಬಡಿಯುತ್ತೆ. ಅಲ್ಲಿಂದ ಚಿಮ್ಮಿ ರಸ್ತೆಯ ನಡುವೆ ಬಂದು ನಿಲ್ಲುತ್ತೆ. ಹಿಂದಿನಿಂದ ಬರುವವನಿಗೆ ಬ್ರೇಕ್ ಹಾಕುವಷ್ಟೂ ಸಮಯ ಇರಲ್ಲ.

ಒಬ್ಬನೇ ಗಡಿಯಾರದ ಎದುರು ಓಡುವ ಟೈಮ್ ಟ್ರಯಲ್ ಮಾಡುವಾಗ ಇದೇ ಚಿಕೇನ್ ನನಗೆ ಇಡೀ ಗೇಮಿನಲ್ಲಿ ತುಂಬಾ ಇಷ್ಟದ ಜಾಗ. ಗೋಡೆ ಅಲುಗಾಡಲ್ಲ, ಪ್ರತಿ ಸಲವೂ ಅದೇ ಲೆಕ್ಕ. ಇನ್ನೊಂದು ಚೂರು ಹತ್ತಿರ ಹೋಗಲೇ ಅಂತ ಆಸೆ ಹುಟ್ಟುತ್ತೆ. ಒಂದೂವರೆ ನಿಮಿಷದ ಮೇಲೆ ಚೆನ್ನಾಗಿ ಓಡಿಸಿಕೊಂಡು ಬಂದು ಅಲ್ಲಿ ಬಡಿದರೆ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಉರಿ ನನ್ನ ಮೇಲೆಯೇ. ಲಾಬಿಯಲ್ಲಿ ಎಂಟು ಹತ್ತು ಜನ ಇದ್ದಾಗ ಕಥೆಯೇ ಬೇರೆ. ಯಾರೋ ಮುಂದಿನವನು ಬಡಿಯುತ್ತಾನೆ, ಅವನ ಹಿಂದೆ ಸರಿಯಾಗಿ ಬಂದ ಮೂವರು ಹೋಗಿ ಅವನಿಗೆ ಗುದ್ದುತ್ತಾರೆ. ಅಕ್ಕನ ಮಗ ಒಮ್ಮೆ ಕಂಟ್ರೋಲರ್ ಸೋಫಾ ಮೇಲೆ ಎಸೆದು ಕೇಳಿದ: “ಮಾಮಾ, ನಂದೇನ ತಪ್ಪೈತಿ ಇದ್ರಾಗ?” ಅವನ ತಪ್ಪು ಏನೂ ಇರಲಿಲ್ಲ.

ನನ್ನ ಅಳತೆಗೋಲು ಅದೇ. ಯಾರು ತಪ್ಪು ಮಾಡಿದರೋ ಅವರೇ ದಂಡ ಕಟ್ಟಬೇಕು, ಆಗಲೇ ಕಟ್ಟಬೇಕು, ತಪ್ಪಿನಷ್ಟೇ ಕಟ್ಟಬೇಕು. ಟ್ರಯಲ್ ಮೌಂಟನ್ ಈ ಮೂರರಲ್ಲೂ ಪಾಸು. ಡ್ರ್ಯಾಗನ್ ಟ್ರೇಲ್ ಒಬ್ಬರೇ ಇದ್ದರೆ ಪಾಸು, ಗುಂಪಿದ್ದರೆ ನಪಾಸು. ನಿಜವಾದ ಸರ್ಕ್ಯೂಟ್ ಕಟ್ಟುವವರು ವೇಗದ ತಿರುವಿನಾಚೆ ಜಲ್ಲಿ ಹೊಂಡವನ್ನೋ ಅಗಲವಾದ ಡಾಂಬರನ್ನೋ ಬಿಡೋದು ಚಾಲಕನ ಜೀವ ಉಳಿಯಲಿ ಅಂತ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನ ಕೆಲವು ತಿರುವುಗಳ ಬಾಯನ್ನೇ ಅಗಲ ಮಾಡಿದ್ದಾರೆ, ಇಬ್ಬರು ಬೇರೆ ಬೇರೆ ದಾರಿ ಹಿಡಿಯಲಿ ಅಂತ. ಗೇಮಿನಲ್ಲಿ ಯಾರ ಜೀವವೂ ಹೋಗಲ್ಲ, ಗೋಡೆ ಎಲ್ಲಿ ಬೇಕಾದರೂ ಇಡಬಹುದು. ಇಡೋದರಲ್ಲಿ ತಪ್ಪಿಲ್ಲ, ಆದರೆ ಗೋಡೆಗೆ ಬಡಿದ ಕಾರು ಯಾವ ಕಡೆ ಚಿಮ್ಮುತ್ತೆ ಅಂತಲೂ ಸ್ವಲ್ಪ ಯೋಚನೆ ಮಾಡಬೇಕು.

ಮಾರಿಯೋ ಕಾರ್ಟ್‌ಗೆ ಬಂದರೆ ಹೋಲಿಕೆ ಇನ್ನೂ ಸಲೀಸು, ಯಾಕೆಂದರೆ ರೇನ್‌ಬೋ ರೋಡ್ ಅನ್ನೋ ಒಂದೇ ಹೆಸರಿನ ಹಲವು ಟ್ರ್ಯಾಕು ಒಂದೇ ಗೇಮಿನಲ್ಲಿ ಸಿಗುತ್ತವೆ. 1992ರ ಸೂಪರ್ ನಿಂಟೆಂಡೊ ಕಾಲದ್ದು ಚಿಕ್ಕದು, ಬೇಲಿ ಇಲ್ಲ, ಚೌಕ ತಿರುವುಗಳು. ಈಗಿನ ರೂಪದಲ್ಲಿ ಥ್ವಾಂಪ್ ಕಲ್ಲುಗಳು ಧೊಪ್ಪನೆ ಬಿದ್ದಾಗ ರಸ್ತೆ ಅಲೆಯಂತೆ ಏಳುತ್ತೆ. ಅದರ ಮೇಲೆ ಹಾರೋದು ಮಜಾ. ಆದರೆ ತಿರುವಿನಲ್ಲಿ ಪಕ್ಕದವನು ಒಂದು ತಳ್ಳು ತಳ್ಳಿದರೆ ನೇರ ಪಾತಾಳ. 1996ರ ನಿಂಟೆಂಡೊ 64ರದ್ದು ಇದಕ್ಕೆ ತದ್ವಿರುದ್ಧ. ಮೂಲದಲ್ಲಿ ಉದ್ದಕ್ಕೂ ಬೇಲಿ ಇತ್ತು, ಬೀಳುವ ಭಯವೇ ಇಲ್ಲ, ಸುತ್ತು ಮಾತ್ರ ಮುಗಿಯೋದೇ ಇಲ್ಲ. ಈಗ ಅದನ್ನು ಮೂರು ತುಂಡು ಮಾಡಿ ಒಂದೇ ಓಟಕ್ಕೆ ಇಳಿಸಿದ್ದಾರೆ, ಒಳ್ಳೆ ಕೆಲಸ.

ನಿಂಟೆಂಡೊ ವೀ ಕಾಲದ 2008ರ ರೇನ್‌ಬೋ ರೋಡ್ 2023ರ ನವೆಂಬರಿನಲ್ಲಿ ಇದಕ್ಕೆ ಸೇರಿತು. ಈ ಮೂರರಲ್ಲಿ ನನ್ನ ವೋಟು ಅದಕ್ಕೆ. ಶುರುವಿನಲ್ಲೇ ದೊಡ್ಡ ಇಳಿಜಾರು, ಆಮೇಲೆ ರಸ್ತೆಯಲ್ಲಿ ತೂತು. ಬೀಳೋದು ಖಂಡಿತ. ಆದರೆ ರಸ್ತೆ ಅಗಲವಾಗಿದೆ, ಪಕ್ಕದವನಿಂದ ದೂರ ಇರಬಹುದು. ಬಿದ್ದರೆ ಬಹುಮಟ್ಟಿಗೆ ನಮ್ಮ ಕೈಯಾರೆ ಬಿದ್ದಿರುತ್ತೇವೆ. ಮೋಡದ ಮೇಲೆ ಕೂತ ಲಾಕಿಟು ಬೇಗ ಎತ್ತಿ ಬಿಡುತ್ತಾನೆ, ಮೂರು ನಾಣ್ಯ ಹೋಗುತ್ತೆ. ಹತ್ತು ನಾಣ್ಯ ಇದ್ದರೆ ಕಾರ್ಟ್ ಪೂರ್ತಿ ವೇಗಕ್ಕೆ ಹೋಗುತ್ತೆ, ಹಾಗಾಗಿ ಬಿದ್ದ ದಂಡ ಸ್ವಲ್ಪ ಹೊತ್ತು ಹಿಂದೆಯೇ ಬರುತ್ತೆ, ಆದರೆ ರೇಸ್ ಕೈಬಿಟ್ಟು ಹೋಗಲ್ಲ. ತೀರಾ ಚಿಕ್ಕವರಿಗೆ ಸ್ಮಾರ್ಟ್ ಸ್ಟಿಯರಿಂಗ್ ಹಾಕಿಕೊಟ್ಟರೆ ಬೀಳೋದೇ ಇಲ್ಲ. ಜೊತೆಗೆ ಕೆಲವು ಅಡ್ಡದಾರಿಗಳೂ ಮುಚ್ಚಿಹೋಗುತ್ತವೆ. ಅಕ್ಕನ ಮಗ ಅದನ್ನು ಕಂಡುಹಿಡಿದ ದಿನವೇ ತೆಗೆದು ಹಾಕಿದ.

ಅವನ ಪ್ರಕಾರ ಎಲ್ಲಕ್ಕಿಂತ ಮೇಲು ಮೌಂಟ್ ವಾರಿಯೋ. ವಿಮಾನದಿಂದ ಹಾರಿ, ಹಿಮದ ಗುಹೆ, ಅಣೆಕಟ್ಟು, ಕಾಡು ದಾಟಿ ಕೆಳಗಿಳಿಯುವ ಒಂದೇ ಓಟ, ಸುತ್ತು ಅನ್ನೋದೇ ಇಲ್ಲ. ನನಗೆ ಅಷ್ಟಕ್ಕಷ್ಟೇ. ತಪ್ಪು ಮಾಡಿದ ತಿರುವಿಗೆ ಅದೇ ರೇಸಿನಲ್ಲಿ ಮತ್ತೆ ಹೋಗಿ ಸೇಡು ತೀರಿಸಿಕೊಳ್ಳೋಕೆ ಆಗಲ್ಲವಲ್ಲ! ಬೇಬಿ ಪಾರ್ಕ್‌ನಲ್ಲಿ ಅದು ಏಳು ಸಲ ಸಿಗುತ್ತೆ. ಪುಟ್ಟ ಮೊಟ್ಟೆಯಾಕಾರದ ದಾರಿ, ಏಳು ಸುತ್ತು, ಎಲ್ಲ ಕಡೆಯಿಂದ ಎದುರಾಳಿಗಳು ಎಸೆಯುವ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ. ಯಾರ ತಪ್ಪಿಗೆ ಯಾರು ಬಿದ್ದರು ಅಂತ ಹೇಳೋಕೇ ಆಗಲ್ಲ. ನನ್ನ ಅಳತೆಗೋಲಿನಲ್ಲಿ ಅದು ನಪಾಸಾಗಬೇಕಿತ್ತು. ಆದರೆ ಬಿದ್ದವನು ನಾಲ್ಕು ಸೆಕೆಂಡಿನಲ್ಲಿ ಮತ್ತೆ ಗುಂಪಿನ ನಡುವೆ ಇರುತ್ತಾನೆ. ದಂಡ ಅಷ್ಟು ಅಗ್ಗ ಇದ್ದರೆ ನ್ಯಾಯ ಯಾರಿಗೆ ಬೇಕು, ನಗುತ್ತಾ ಆಡಬಹುದು.

ಮತ್ತೆ ಗ್ರ್ಯಾನ್ ಟುರಿಸ್ಮೋಗೆ ಬಂದರೆ, ಸ್ಪೆಷಲ್ ಸ್ಟೇಜ್ ರೂಟ್ ಎಕ್ಸ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. 30 ಕಿಲೋಮೀಟರ್, ಬಹುಪಾಲು ನೇರ. ಹೊಸ ಕಾರಿನ ಗರಿಷ್ಠ ವೇಗ ನೋಡೋಕೆ ಸರಿ, ರೇಸಿಗೆ ಕರೆದರೆ ಯಾರೂ ಬರಲ್ಲ.

ಹೊಸಬರು ಬಂದರೆ ನಾವು ಕೊಡೋದು ಹೈ ಸ್ಪೀಡ್ ರಿಂಗ್. 4 ಕಿಲೋಮೀಟರ್, ಅಗಲ ರಸ್ತೆ, ವಾಲಿಕೊಂಡ ತಿರುವುಗಳು. ಬ್ರೇಕ್ ತಡವಾದರೂ ತಿರುವೇ ಕಾರನ್ನು ಒಳಗೆ ಹಿಡಿದುಕೊಳ್ಳುತ್ತೆ. ಡೈನಿಂಗ್ ಟೇಬಲ್‌ಗೆ ಸ್ಟಿಯರಿಂಗ್ ವೀಲ್ ಕಚ್ಚಿಸಿಕೊಂಡು ಕೂತವರಿಗೂ ಸುಮ್ನೆ ಕಂಟ್ರೋಲರ್ ಹಿಡಿದವರಿಗೂ ಅಲ್ಲಿ ಅಂತರ ಕಡಿಮೆ. ಅದು ಕೈಗೆ ಬಂದ ಮೇಲೆ ಟ್ರಯಲ್ ಮೌಂಟನ್. ಗುಂಪಿನಲ್ಲಿ ವೋಟು ಹಾಕಿದರೆ ಹೆಚ್ಚಿನ ಸಲ ಗೆಲ್ಲೋದೂ ಅದೇ.

ಉಡುಪಿಯ ಗೆಳೆಯ ಮಾತ್ರ ಪ್ರತಿ ಶನಿವಾರವೂ ಡ್ರ್ಯಾಗನ್ ಟ್ರೇಲಿಗೇ ಕೈ ಎತ್ತುತ್ತಾನೆ. ಯಾರು ಮುಂದೆ ನಿಂತು ಶುರು ಮಾಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಅವನೇ ಮೊದಲು. ಗೋಡೆಗೆ ಯಾರು ಬಡಿದರೂ ಅವನ ಹಿಂದೆಯೇ ಬಡಿಯಬೇಕಲ್ಲ.