ಚಾರ್‌ಮಿನಾರ್ ರೂಪಾಯಿಯೋ, ಬಹಮನಿ ತಾಮ್ರವೋ?

ಕಲಬುರಗಿ, ಬೀದರ್ ಕಡೆ ನಾಣ್ಯ ಕೂಡಿಡಲು ಹೊರಟವರಿಗೆ ಇವೆರಡೂ ಎದುರಾಗುತ್ತವೆ. ಬೆಲೆ ಕಟ್ಟುವ ಬಗೆ ಮಾತ್ರ ಬೇರೆ.

ನಿಜಾಮರ ಚಾರ್‌ಮಿನಾರ್ ರೂಪಾಯಿ ಯಂತ್ರದಲ್ಲಿ ಅಚ್ಚಾದದ್ದು. ತೂಕ ಸುಮಾರು 11.18 ಗ್ರಾಂ, ಬೆಳ್ಳಿ ಶೇ 81.8. ಹೇರಳವಾಗಿ ಸಿಗುವುದರಿಂದ ಸ್ಥಿತಿಯೇ ಬೆಲೆ. ನಾಣ್ಯದ ಮೇಲಿನ ಚಾರ್‌ಮಿನಾರ್ ಚಿತ್ರದ ಗೆರೆಗಳು ಸವೆದಿದ್ದರೆ ಬೆಳ್ಳಿಯ ದರ ದಾಟಬೇಡಿ. ಆ ಚಿತ್ರದ ಬಾಗಿಲೊಳಗೆ ಅರಬಿ ಅಕ್ಷರ ‘ಮೀಮ್’ ಇದ್ದರೆ ನಿಜಾಮ ಮಹಬೂಬ್ ಅಲಿ ಖಾನ್ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನ್‌ರದ್ದು.

ಬಹಮನಿ ತಾಮ್ರ ಕೈಯಿಂದ ಬಡಿದದ್ದು. ಅಚ್ಚು ಬಿಲ್ಲೆಗಿಂತ ದೊಡ್ಡದಿದ್ದಲ್ಲಿ ಬರಹದ ಅಂಚು ಹೊರಗುಳಿಯುತ್ತದೆ. ಸುಲ್ತಾನನ ಹೆಸರು, ಹಿಜರಿ ವರ್ಷ ಓದಲು ಬಂದರೆ ಸವೆದದ್ದಕ್ಕೂ ಬೆಲೆಯುಂಟು. 500 ವರ್ಷ ಹಳೆಯದು ಎಂಬುದೊಂದೇ ಸಾಲದು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದನ್ನು ಬಿಡಿ, ಹೋದ ಕಂದು ಪೊರೆ ಮರಳಿ ಬಾರದು.

ಹೊಸಬರಿಗೆ ರೂಪಾಯಿಯೇ ಲೇಸು: ತೂಗಿ ನೋಡಬಹುದು, ಅಂಚಿನಲ್ಲಿ ಎರಕದ ಗೆರೆ ಕಂಡರೆ ನಕಲಿ.