ಪುಲ್ಲಿ ಚಿಕ್ಕದಾಯಿತು, ಬಲ ಎಷ್ಟು ಹೆಚ್ಚಿತು? ಅಳೆಯುವ ನಾಲ್ಕು ದಾರಿಗಳ ಹೋಲಿಕೆ

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ (ಬ್ಲೋವರ್) ಇರುವ ಕಾರಿಗೆ ಚಿಕ್ಕ ಪುಲ್ಲಿ, ಅಂದರೆ ಅದರ ಬೆಲ್ಟ್ ಸುತ್ತಿಕೊಳ್ಳುವ ಚಿಕ್ಕ ಗಾಲಿ, ಹಾಕಿಸಿದವರನ್ನು ಕೇಳಿ ನೋಡಿ. "ಗಾಡಿಯೇ ಬೇರೆಯಾಯಿತು" ಎನ್ನುತ್ತಾರೆ. ಎಷ್ಟು ಬೇರೆಯಾಯಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ಮಾರಿದವರು ಹೇಳಿದ ಅಂಕಿಯೇ ಮರಳಿ ಬರುತ್ತದೆ. ಖರ್ಚು ಮಾಡಿದವನಿಗೆ ಲಾಭ ಕಾಣಿಸಲೇಬೇಕು. ಅದು ಮನುಷ್ಯ ಸಹಜ. ಆದರೆ ನನಗೆ ಬೇಕಿದ್ದುದು ಅಂಕಿ. ಹಾಗಾಗಿ ಹಳೆಯ ಪುಲ್ಲಿ ಇದ್ದಾಗಲೇ ಅಳತೆ ಶುರುಮಾಡಿ, ಹೊಸದು ಬಂದ ಮೇಲೆ ಅದನ್ನೇ ಮುಂದುವರಿಸಿದೆ. ಅಳೆದದ್ದು ನಾಲ್ಕು ರೀತಿಯಲ್ಲಿ: ಮೈಯ ಅಂದಾಜು, ರಸ್ತೆಯ ಮೇಲಿನ ಸಮಯ, ಡೈನೊ ಯಂತ್ರ, ಎಂಜಿನ್ ಕಂಪ್ಯೂಟರಿನ ದಾಖಲೆ. ನಾಲ್ಕೂ ಒಂದೇ ಉತ್ತರ ಹೇಳಲಿಲ್ಲ.

ಕಾರು ಹಳೆಯ ಮರ್ಸಿಡಿಸ್ ಸಿ 200 ಕೊಂಪ್ರೆಸರ್. 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಕಾರ್ಖಾನೆಯ ಲೆಕ್ಕದಲ್ಲಿ 163 ಅಶ್ವಶಕ್ತಿ, 240 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರಿನ ಆಟೊಮ್ಯಾಟಿಕ್. ಇದರ ಬ್ಲೋವರ್ ಬೆಲ್ಟ್‌ನಿಂದ ತಿರುಗುತ್ತದೆ. ಪ್ರತಿ ಸುತ್ತಿಗೂ ಇಷ್ಟೇ ಗಾಳಿ ಎಂದು ನಿಗದಿಯಾದ ಗಾತ್ರವನ್ನು ಮುಂದಕ್ಕೆ ದೂಡುತ್ತದೆ. ಪುಲ್ಲಿಯ ವ್ಯಾಸ ಶೇ 15ರಷ್ಟು ಕಡಿಮೆಯಾದರೆ ಬ್ಲೋವರ್‌ನ ವೇಗ ಶೇ 17.6ರಷ್ಟು ಹೆಚ್ಚುತ್ತದೆ, ಒಂದನ್ನು 0.85ರಿಂದ ಭಾಗಿಸಿದರೆ ಸಿಗುವ ಲೆಕ್ಕ ಅದು. ಮಾರುವವರು ಇದೇ ಅಂಕಿಯನ್ನು ಅಶ್ವಶಕ್ತಿಗೂ ಅನ್ವಯಿಸಿ 163 ಇದ್ದುದು 190 ಆಗುತ್ತದೆ ಎಂದುಬಿಡುತ್ತಾರೆ. ಆಗುವುದಿಲ್ಲ. ಹೆಚ್ಚು ಒತ್ತಿದ ಗಾಳಿ ಹೆಚ್ಚು ಬಿಸಿಯಾಗುತ್ತದೆ, ಬಿಸಿ ಗಾಳಿ ತೆಳುವಾಗುತ್ತದೆ. ವೇಗವಾಗಿ ತಿರುಗುವ ಬ್ಲೋವರ್ ತನ್ನ ಪಾಲಿನ ಬಲವನ್ನು ಎಂಜಿನ್ನಿನಿಂದಲೇ ಕಿತ್ತುಕೊಳ್ಳುತ್ತದೆ.

ಇದರ ಜೊತೆಗೆ ನಮ್ಮೂರಿನದೇ ಒಂದು ತೊಡಕಿದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1,013 ಮಿಲಿಬಾರ್ ಆಸುಪಾಸಿನಲ್ಲಿದ್ದರೆ ಇಲ್ಲಿ ಸುಮಾರು 890. ಅಂದರೆ ಕಾರು ಮನೆಯಿಂದ ಹೊರಡುವಾಗಲೇ ಶೇ 12ರಷ್ಟು ಗಾಳಿ ಕಡಿಮೆ. ಎಂಜಿನ್ನಿನ ಹೊಗೆಯ ರಭಸದಿಂದ ತಿರುಗುವ ಟರ್ಬೊ ಆಗಿದ್ದರೆ ಸ್ವಲ್ಪ ಹೆಚ್ಚು ತಿರುಗಿ ಈ ಕೊರತೆಯನ್ನು ತುಂಬಿಕೊಳ್ಳುತ್ತಿತ್ತು. ಬೆಲ್ಟ್‌ಗೆ ಕಟ್ಟಿದ ಬ್ಲೋವರ್‌ಗೆ ಆ ಸ್ವಾತಂತ್ರ್ಯವಿಲ್ಲ. ಅದು ಸಿಕ್ಕ ಗಾಳಿಯನ್ನು ಒಂದೂವರೆ ಪಟ್ಟು ಒತ್ತುತ್ತದೆ ಎಂದುಕೊಳ್ಳಿ. ಹೊರಗಿನ ಗಾಳಿಗಿಂತ ಒತ್ತಡ ಎಷ್ಟು ಹೆಚ್ಚಿದೆ ಎಂದು ಹೇಳುವ ಬೂಸ್ಟ್ ಮಾಪಕ ಮಂಗಳೂರಿನಲ್ಲಿ ಅರ್ಧ ಬಾರ್ ತೋರಿಸುತ್ತದೆ, ಇಲ್ಲಿ 0.44. ಕಾರಿನಲ್ಲಿ ಏನೂ ಬದಲಾಗಿರುವುದಿಲ್ಲ. ಚಾರ್ಮಾಡಿ ಘಾಟಿ ಇಳಿದು ಬಂದವರು "ಕೆಳಗೆ ಗಾಡಿ ಹಾರುತ್ತದೆ" ಎಂದರೆ ಅದು ಭ್ರಮೆಯಲ್ಲ, ಆದರೆ ಆ ಶ್ರೇಯಸ್ಸು ಪುಲ್ಲಿಗೆ ಸೇರಬೇಕಾದದ್ದೂ ಅಲ್ಲ. ತಾಪಮಾನದ ಕಥೆಯೂ ಹೀಗೆಯೇ. ಬೆಳಗಿನ 15 ಡಿಗ್ರಿಯ ಗಾಳಿ ಮಧ್ಯಾಹ್ನದ 30 ಡಿಗ್ರಿಯ ಗಾಳಿಗಿಂತ ಶೇ 5ರಷ್ಟು ಸಾಂದ್ರವಾಗಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಳೆಯ ಪುಲ್ಲಿಯನ್ನೂ ಜುಲೈ ಮಳೆಯ ತಂಪಿನಲ್ಲಿ ಹೊಸದನ್ನೂ ಅಳೆದರೆ ಗೆದ್ದದ್ದು ಯಾರು, ಪುಲ್ಲಿಯೋ ಮಲೆನಾಡಿನ ಮಳೆಗಾಲವೋ?

ಮೊದಲು ಮೈಯ ಅಂದಾಜು. ಇದು ಪುಕ್ಕಟೆ, ಎಲ್ಲರ ಬಳಿಯೂ ಇದೆ, ಅಂಕಿಯ ವಿಷಯದಲ್ಲಿ ನಾಲ್ಕರಲ್ಲಿ ಅತ್ಯಂತ ಕೆಟ್ಟದ್ದು. ಕಾರಣ ಕಿವಿ. ಬ್ಲೋವರ್ ವೇಗವಾಗಿ ತಿರುಗಿದಾಗ ಅದರ ಸಿಳ್ಳೆಯ ಶ್ರುತಿಯೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಶೇ 17.6 ಎಂದರೆ ಹೆಚ್ಚುಕಡಿಮೆ ಮೂರು ಸ್ವರಸ್ಥಾನ, ಷಡ್ಜದಿಂದ ಸಾಧಾರಣ ಗಾಂಧಾರದವರೆಗೆ. ಮೊದಲು ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಕೇಳುತ್ತಿದ್ದ ನಾದ ಈಗ 3,400ಕ್ಕೇ ಕೇಳುತ್ತದೆ. ಅದೇ ನಾದ ಬೇಗ ಬಂದಾಗ ಬಲವೂ ಬೇಗ ಬಂತೆಂದು ಮನಸ್ಸು ತೀರ್ಮಾನಿಸುತ್ತದೆ. ಕಾರಿನಲ್ಲಿ ಏನು ಮಾಡಿಸಿದ್ದೇನೆಂದು ತಿಳಿಸದೆ ಗೆಳೆಯರೊಬ್ಬರಿಗೆ ಓಡಿಸಲು ಕೊಟ್ಟೆ. "ಸದ್ದು ಜಾಸ್ತಿಯಾಗಿದೆ, ಬೇರಿಂಗ್ ನೋಡಿಸಿ" ಎಂದರು. ಬಲದ ಬಗ್ಗೆ ಒಂದು ಮಾತೂ ಇಲ್ಲ! ಆದರೂ ಈ ಅಂದಾಜನ್ನು ಪೂರ್ತಿ ತಳ್ಳಿಹಾಕಲಾರೆ. ಬೇಲೂರು ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ಅರ್ಧ ಥ್ರಾಟಲ್‌ನಲ್ಲಿ ಸಾಗುವಾಗ ಕಾರು ಸಲೀಸಾಗಿ ನಡೆಯುತ್ತದೆಯೇ, ಎಳೆಯುತ್ತದೆಯೇ ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ, ಕಾಲು ಹೇಳುತ್ತದೆ.

ರಸ್ತೆಯ ಮೇಲಿನ ಸಮಯಕ್ಕೆ ಬಂದರೆ, ಸೊನ್ನೆಯಿಂದ ನೂರು ಎಂಬ ಪ್ರಸಿದ್ಧ ಪರೀಕ್ಷೆಯನ್ನು ನಾನು ಮಾಡಲೇ ಇಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಟಾರ್ಕ್ ಕನ್ವರ್ಟರ್, ಟೈರಿನ ಹಿಡಿತ, ಗೇರು ಬದಲಾಗುವ ಕ್ಷಣ ಎಲ್ಲವೂ ಅದರಲ್ಲಿ ಕಲಸಿಹೋಗುತ್ತವೆ. ಅದರ ಬದಲು ಲಿವರನ್ನು ಪಕ್ಕಕ್ಕೆ ತಟ್ಟಿ ಮೂರನೇ ಗೇರಿಗೆ ಕಟ್ಟಿಹಾಕಿ 60ರಿಂದ 100 ಕಿಲೋಮೀಟರ್ ವೇಗಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದೆ. ಜಾಗ ಹಾಸನ–ಚನ್ನರಾಯಪಟ್ಟಣ ಚತುಷ್ಪಥ, ಭಾನುವಾರ ಬೆಳಕು ಹರಿದ ಕೂಡಲೇ. ನೂರಕ್ಕೆ ನಿಲ್ಲಿಸಿದ್ದೇಕೆಂದರೆ ಅಲ್ಲಿ ಕಾರುಗಳಿಗೆ ಕಾನೂನಿನ ಮಿತಿಯೇ ನೂರು. ಪೆಡಲನ್ನು ಪೂರ್ತಿ ಒತ್ತಿದರೆ ಕಿಕ್‌ಡೌನ್ ಆಗಿ ಗೇರು ಇಳಿಯುತ್ತದೆ, ಆದ್ದರಿಂದ ಕೊನೆಯ ಬಿಗಿತಕ್ಕೆ ಒಂದು ಕೂದಲಷ್ಟು ಮೊದಲು ಪಾದವನ್ನು ನಿಲ್ಲಿಸಬೇಕು. ಇದಕ್ಕೆ ಅಭ್ಯಾಸ ಬೇಕಾಯಿತು.

ಮೊಬೈಲಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ವೇಗ ಹೇಳುತ್ತದೆ. ಹುಡುಕುತ್ತಿರುವ ವ್ಯತ್ಯಾಸವೇ ಒಂದು ಸೆಕೆಂಡಿಗಿಂತ ಕಡಿಮೆ ಇರುವಾಗ ಅದರಿಂದ ಏನು ಪ್ರಯೋಜನ? ಸೆಕೆಂಡಿಗೆ ಹತ್ತು ಸಲ ಅಳೆಯುವ ಹೊರಗಿನ ಜಿಪಿಎಸ್ ಡಬ್ಬಿಯನ್ನು ಎರವಲು ತಂದೆ. ಆಮೇಲೆ ತಿಳಿದದ್ದು ಇಳಿಜಾರಿನ ಮಹಿಮೆ. ನೂರು ಮೀಟರಿಗೆ ಒಂದು ಮೀಟರ್ ಏರು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಜನರೂ ಸೇರಿ 1,650 ಕಿಲೋ ತೂಗುವ ಕಾರನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ಏರಿನ ಮೇಲೆ ಎಳೆಯಲು ಸುಮಾರು ಮೂರೂವರೆ ಕಿಲೋವಾಟ್, ಅಂದರೆ ಐದು ಅಶ್ವಶಕ್ತಿಯಷ್ಟು ಬೇಕು. ಇಡೀ ಪುಲ್ಲಿಯ ಲಾಭವೇ ಅದರ ಆಸುಪಾಸಿನದು. ಹಾಗಾಗಿ ಒಂದೇ ತುಂಡು ರಸ್ತೆಯಲ್ಲಿ ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆಯದಿದ್ದರೆ ಅಂಕಿಗೆ ಅರ್ಥವಿಲ್ಲ. ಪೆಟ್ರೋಲ್ ಟ್ಯಾಂಕಿನ ಮಟ್ಟ, ಟೈರಿನ ಗಾಳಿ, ಪಕ್ಕದಲ್ಲಿ ಕೂರುವ ಮನುಷ್ಯ ಎಲ್ಲವೂ ಹಿಂದಿನಂತೆಯೇ ಇರಬೇಕು. ಇಷ್ಟೆಲ್ಲ ಮಾಡಿದ ಮೇಲೆ ಹಳೆಯ ಪುಲ್ಲಿಯಲ್ಲಿ ಏಳೂಮುಕ್ಕಾಲು ಸೆಕೆಂಡಿನ ಹತ್ತಿರ ಇದ್ದುದು ಹೊಸದರಲ್ಲಿ ಏಳಕ್ಕೆ ಸ್ವಲ್ಪ ಮೇಲೆ ಬಂದು ನಿಂತಿತು. ಲಾಭ ಇದೆ. ಆದರೆ ಇದು ಎಂಜಿನ್ನಿನ 2,500ರಿಂದ 4,200 ಸುತ್ತಿನವರೆಗಿನ ಮಾತು ಮಾತ್ರ. ಮೇಲಿನದರ ಬಗ್ಗೆ ರಸ್ತೆ ಏನೂ ಹೇಳಲಿಲ್ಲ.

ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಗೆ ಏರುವ ರಸ್ತೆಯಲ್ಲಿ ಸಮಯ ಹಿಡಿದು ನೋಡಬಾರದೇಕೆ ಎಂದು ಕೆಲವರು ಕೇಳಿದರು. ಆ ಕಿರಿದಾದ ತಿರುವುಗಳಲ್ಲಿ, ಎದುರಿನಿಂದ ಪ್ರವಾಸಿಗರ ಜೀಪುಗಳು ಇಳಿಯುತ್ತಿರುವಾಗ, ಗಡಿಯಾರ ಹಿಡಿದು ಏರುವುದು ಪರೀಕ್ಷೆಯಲ್ಲ, ಪುಂಡಾಟಿಕೆ. ಈ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ. ಅವು ಮುಚ್ಚಿದ ತೋಟದ ದಾರಿಗಳಲ್ಲಿ, ವೈದ್ಯರೂ ಅಗ್ನಿಶಾಮಕರೂ ಇರುವಾಗ ನಡೆಯುವಂಥವು.

ಡೈನೊಗಾಗಿ ಬೆಂಗಳೂರಿಗೆ ಹೋಗಬೇಕಾಯಿತು. ಉರುಳೆಗಳ ಮೇಲೆ ಚಕ್ರ ಇಟ್ಟು ಓಡಿಸಿ, ಚಕ್ರಕ್ಕೆ ತಲುಪುವ ಬಲವನ್ನು ಗೆರೆಯಾಗಿ ಬಿಡಿಸಿ ಕೊಡುವ ಯಂತ್ರ ಅದು. ಮುದ್ರಿಸಿದ ಹಾಳೆ ಕೈಗೆ ಬಂದಾಗ ಆಗುವ ಸಂತೋಷವೇ ಬೇರೆ, ಅದರಲ್ಲೇ ಅಪಾಯವಿದೆ. ಬೆಂಗಳೂರು ಕೂಡ 900 ಮೀಟರ್ ಎತ್ತರದ ಊರು. ಅಲ್ಲಿ ಸಿಕ್ಕ ಅಂಕಿಯನ್ನು ಸಮುದ್ರಮಟ್ಟದ ಹವೆಗೆ ಹೊಂದಿಸಿ ತಿದ್ದುವ ಸೂತ್ರಗಳಿವೆ. ಯಾವ ಸೂತ್ರ ಬಳಸುತ್ತಾರೆ ಎಂಬುದರ ಮೇಲೆ ಶೇ 10ರಿಂದ 13ರಷ್ಟು ಅದೇ ಸೇರಿಕೊಳ್ಳುತ್ತದೆ. ಹಿಂದಿನ ಹಾಳೆ ತಿದ್ದದೇ ಇದ್ದದ್ದು, ಇಂದಿನ ಹಾಳೆ ತಿದ್ದಿದ್ದು ಎಂದಾದರೆ ಪುಲ್ಲಿ ಬದಲಿಸದೆಯೇ ಇಪ್ಪತ್ತು ಅಶ್ವಶಕ್ತಿ ಹೆಚ್ಚಿಸಿಕೊಂಡು ಮನೆಗೆ ಬರಬಹುದು. ಒಂದೇ ಚೀಲದ ಕಾಫಿಗೆ ಎರಡು ಅಂಗಡಿಗಳ ತೇವಾಂಶ ಮಾಪಕ ಎರಡು ಅಂಕಿ ಹೇಳುವುದನ್ನು ಕಂಡಿರುವ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೈನೊ ನಿಜಕ್ಕೂ ಉಪಯೋಗಕ್ಕೆ ಬರಬೇಕಾದರೆ ಕಾರನ್ನು ಉರುಳೆಗಳಿಂದ ಇಳಿಸದೆ, ಅಲ್ಲೇ ಪುಲ್ಲಿ ಬದಲಿಸಿ, ಎಂಜಿನ್ ಅದೇ ಬಿಸಿಗೆ ಬಂದ ಮೇಲೆ ಮತ್ತೆ ಓಡಿಸಬೇಕು. ನನಗೆ ಅದು ಸಾಧ್ಯವಾಗಲಿಲ್ಲ. ಹಳೆಯದಕ್ಕೊಂದು ದಿನ, ಹೊಸದಕ್ಕೊಂದು ದಿನ. ಮುಂದೆ ಇಟ್ಟ ಫ್ಯಾನ್ ನೂರು ಕಿಲೋಮೀಟರ್ ವೇಗದ ಗಾಳಿಗೆ ಎಂದೂ ಸಮವಲ್ಲವಾದ್ದರಿಂದ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಗ ಕಾಯುತ್ತದೆ, ಎರಡನೆಯ ಓಟ ಮೊದಲನೆಯದಕ್ಕಿಂತ ಕೆಳಗಿರುತ್ತದೆ. ನನಗೆ ಕೊಟ್ಟ ಹಾಳೆಗಳಲ್ಲಿ ಗರಿಷ್ಠ ಬಲ ಶೇ 6ರಷ್ಟು ಏರಿತ್ತು. ಗೆರೆಯ ಏರಿಳಿತ ಕಾಣದಂತೆ ಅದನ್ನು ಎಷ್ಟು ನುಣುಪಾಗಿಸಿದ್ದೀರಿ ಎಂದು ಡೈನೊದವರನ್ನು ಕೇಳಿದಾಗ ಉತ್ತರ ಸ್ಪಷ್ಟವಾಗಿರಲಿಲ್ಲ. ಬೆಂಗಳೂರಿಗೆ ಹೋಗಿ ಬರುವ ಪೆಟ್ರೋಲ್ ಖರ್ಚು ಸೇರಿಸಿದರೆ ನಾಲ್ಕರಲ್ಲಿ ಇದೇ ದುಬಾರಿ.

ಉಳಿದದ್ದು ಎಂಜಿನ್ ಕಂಪ್ಯೂಟರಿನ ದಾಖಲೆ: ಆ ಕಂಪ್ಯೂಟರಿನ ಅಂಕಿಗಳನ್ನು ಓದಲು ಸ್ಟಿಯರಿಂಗ್ ಕೆಳಗಿರುವ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಸಾಧನ. ಈ ವಯಸ್ಸಿನ ಕಾರಿನ ಸಂಪರ್ಕ ತಂತಿ ನಿಧಾನವಾದದ್ದು, ಎಲ್ಲವನ್ನೂ ಒಟ್ಟಿಗೆ ಕೇಳಿದರೆ ತೊದಲುತ್ತದೆ. ಎಂಜಿನ್ ಸುತ್ತು, ಒಳಬರುವ ಗಾಳಿಯ ರಾಶಿ, ಅದರ ತಾಪಮಾನ ಎಂಬ ಮೂರನ್ನೇ ಒಂದು ಸರದಿಯಲ್ಲಿ, ಗಾಳಿಯ ಬದಲು ಕಿಡಿಯ ಕೋನವನ್ನು ಇನ್ನೊಂದು ಸರದಿಯಲ್ಲಿ ದಾಖಲಿಸಿದೆ. ಎಂಜಿನ್ ಒಳಗೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಗುತ್ತದೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಉರಿಯುತ್ತದೆ, ಅದಕ್ಕೆ ತಕ್ಕಷ್ಟೇ ಬಲ. ರಸ್ತೆಯ ಏರು, ಎದುರುಗಾಳಿ, ಪಕ್ಕದಲ್ಲಿ ಕುಳಿತವರ ತೂಕ ಯಾವುದೂ ಈ ಅಂಕಿಯನ್ನು ಮುಟ್ಟುವುದಿಲ್ಲ.

ಇಲ್ಲಿ ಸಿಕ್ಕ ಚಿತ್ರ ಉಳಿದ ಮೂರರಲ್ಲಿ ಇರಲಿಲ್ಲ. 3,000ದಿಂದ 4,700 ಸುತ್ತಿನವರೆಗೆ ಗಾಳಿ ಶೇ 9–10ರಷ್ಟು ಹೆಚ್ಚಿತ್ತು. ಅಲ್ಲಿಂದ ಮೇಲೆ ಹಳೆಯ ಗೆರೆಯೂ ಹೊಸ ಗೆರೆಯೂ ಹತ್ತಿರವಾಗುತ್ತ 5,500ರಲ್ಲಿ ಹೆಚ್ಚುಕಡಿಮೆ ಕೂಡಿಕೊಂಡವು. ಶಾಖ ಒಂದೇ ಕಾರಣವಾಗಿದ್ದರೆ ಗೆರೆ ಇಷ್ಟು ಥಟ್ಟನೆ ಬಾಗುವುದಿಲ್ಲ. ಬಾನೆಟ್ ತೆರೆದು ನೋಡಿದರೆ ಪುಲ್ಲಿಯ ಹಿಂದೆ ಕಪ್ಪು ರಬ್ಬರ್ ಪುಡಿ. ಚಿಕ್ಕ ಪುಲ್ಲಿಗೆ ಬೆಲ್ಟ್ ಅಪ್ಪಿಕೊಳ್ಳುವ ಜಾಗವೂ ಚಿಕ್ಕದು, ಎಳೆಯಬೇಕಾದ ಭಾರ ಮಾತ್ರ ಹೆಚ್ಚು. ಗ್ಯಾರೇಜಿನವರು ಹಳೆಯ ಉದ್ದದ ಬೆಲ್ಟನ್ನೇ ಹಾಕಿದ್ದರಿಂದ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ತನ್ನ ಮಿತಿಯ ತುದಿಗೆ ಬಂದು ನಿಂತಿತ್ತು. ಮೇಲಿನ ಸುತ್ತುಗಳಲ್ಲಿ ಬೆಲ್ಟ್ ಜಾರುತ್ತಿತ್ತು. ಸ್ವಲ್ಪ ಗಿಡ್ಡದ ಬೆಲ್ಟ್ ಬಂದ ಮೇಲೆ 5,500ರಲ್ಲೂ ಶೇ 7ರಷ್ಟು ಹೆಚ್ಚಿನ ಗಾಳಿ ಕಾಣಿಸಿತು. ಜಾರುತ್ತಿದ್ದ ಬೆಲ್ಟ್‌ನಲ್ಲೇ ಡೈನೊ ಶೇ 6 ಎಂದದ್ದು ಹೇಗೆ ಎಂಬುದಕ್ಕೆ, ಎರಡು ದಿನಗಳ ಹವೆಯ ವ್ಯತ್ಯಾಸ ಬಿಟ್ಟರೆ ಬೇರೆ ವಿವರಣೆ ನನಗೆ ತೋಚುವುದಿಲ್ಲ.

ಕಿಡಿಯ ಕೋನದ ದಾಖಲೆ ಇನ್ನೊಂದು ಸಂಗತಿ ತೆರೆದಿಟ್ಟಿತು. ಈ ಎಂಜಿನ್ನಿಗೆ ಕಾರ್ಖಾನೆ ಹೇಳಿರುವುದು 95 ಆಕ್ಟೇನ್ ಪೆಟ್ರೋಲ್. ಆಗ ಸಿಗುತ್ತಿದ್ದ, ಅದಕ್ಕಿಂತ ಕಡಿಮೆ ಆಕ್ಟೇನಿನ ಸಾಮಾನ್ಯ ಪೆಟ್ರೋಲ್ ತುಂಬಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ಏರು ಹತ್ತಿಸಿದಾಗ, ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್‌ನ ಮಾತು ಕೇಳಿ ಕಂಪ್ಯೂಟರ್ ಕಿಡಿಯನ್ನು ಮೂರು ನಾಲ್ಕು ಡಿಗ್ರಿ ತಡಮಾಡುತ್ತಿತ್ತು. ಗಾಳಿ ಹೆಚ್ಚಿದೆ, ಕಿಡಿ ತಡವಾದ್ದರಿಂದ ಬಲ ಹೆಚ್ಚಿಲ್ಲ. ಗಳಿಸಿದ್ದು ಅಲ್ಲೇ ಖರ್ಚು. 95 ಆಕ್ಟೇನ್ ಹಾಕಿದ ಮೇಲೆ ಆ ತಡ ಬಹುಪಾಲು ಮಾಯವಾಯಿತು. ಗಾಳಿಯ ರಾಶಿಯೊಂದನ್ನೇ ನೋಡಿ ಬಲ ಹೇಳುವವರು ಈ ಗೆರೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಯಾವುದನ್ನು ಆರಿಸುವುದು? ಒಂದೇ ಒಂದು ಸಾಧನಕ್ಕೆ ದುಡ್ಡಿದೆ ಎಂದರೆ ನಾನು ಒಬಿಡಿ ದಾಖಲೆಯನ್ನೇ ಹೇಳುತ್ತೇನೆ. ಎಷ್ಟು ಎಂಬುದರ ಜೊತೆಗೆ ಏಕೆ ಎಂಬುದನ್ನೂ ಹೇಳಿದ್ದು ಅದೊಂದೇ. ಅದರ ಜೊತೆ ಎರಡೂ ದಿಕ್ಕಿನ ರಸ್ತೆ ಸಮಯ ಸೇರಿದರೆ ಇನ್ನೇನೂ ಬೇಕಿಲ್ಲ. ಡೈನೊ ಹತ್ತಿರದಲ್ಲೇ ಇದ್ದು, ಅಲ್ಲೇ ಪುಲ್ಲಿ ಬದಲಿಸಿಕೊಡುವುದಾದರೆ ಅದು ಎರಡನೆಯ ಸ್ಥಾನಕ್ಕೆ ಬರಬಹುದು. ಚಿಕ್ಕಮಗಳೂರಿನಿಂದ ಹೊರಟು ಹೋಗಿ ಬರುವವರಿಗೆ ಮೂರನೆಯದು. ಶೇ 17.6 ಎಂದು ಹೊರಟ ಭರವಸೆ ನನ್ನ ಕಾರಿನಲ್ಲಿ ಶೇ 8ರ ಸುತ್ತಮುತ್ತ ಬಂದು ನಿಂತಿದೆ, ಅದೂ 95 ಆಕ್ಟೇನ್ ಹಾಕಿ ಬೆಲ್ಟ್ ಸರಿಮಾಡಿದ ಮೇಲೆ. ಪುಲ್ಲಿಯನ್ನು ತೆಗೆಸುವುದಿಲ್ಲ. ಇದಕ್ಕಿಂತ ಚಿಕ್ಕದನ್ನೂ ಹಾಕಿಸುವುದಿಲ್ಲ. ಒಳಬರುವ ಗಾಳಿಯ ತಾಪಮಾನದ ಗೆರೆ ಈಗಲೇ ನನಗೆ ಇಷ್ಟವಾಗದಷ್ಟು ಮೇಲಿದೆ. ಮುಂದಿನ ಖರ್ಚು ಇಂಟರ್‌ಕೂಲರ್‌ಗೆ, ಅದೂ ಕಾಫಿ ಕೊಯ್ಲಿನ ಲೆಕ್ಕ ಮುಗಿದ ಮೇಲೆ.